ಹೊಗೆ ಮೊದಲೋ, ಮನುಷ್ಯ ಮೊದಲೋ?

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದು ಹೋದವರಿಗೆ ಮಗ್ಗದ ಸದ್ದು ಹೊಸದಲ್ಲ. ಅಲ್ಲಿಯ ಅನೇಕ ಮನೆಗಳಲ್ಲಿ ದುಡಿಯುವ ಜಾಗವೂ ಬಾಳುವ ಜಾಗವೂ ಒಂದೇ ಸೂರಿನಡಿಯಲ್ಲಿವೆ. ಮುಂದೆ ಪಾವರ್‌ಲೂಮುಗಳು, ಹಿಂದೆ ಅಡಿಗೆಮನೆ, ಗೋಡೆಯ ಬದಿಗೆ ನೂಲಿನ ಗಂಟುಗಳು, ಮೇಲೆ ಅಟ್ಟ. ತೊಲೆಗಳ ಮೇಲೂ ವಿದ್ಯುತ್ ತಂತಿಗಳ ಮೇಲೂ ನೂಲಿನ ನವಿರಾದ ತುಪ್ಪುಳು ಪದರಪದರವಾಗಿ ಕೂತಿರುತ್ತದೆ. ಇಂಥ ಮನೆಯಲ್ಲಿ ನಡುರಾತ್ರಿ ಒಂದು ಕಿಡಿ ಹಾರಿ ನೂಲಿನ ಗಂಟಿಗೆ ತಗುಲಿದರೆ, ಒಳಗೆ ಮಲಗಿದವರಿಗೆ ಹೊರಬರಲು ಎಷ್ಟು ಹೊತ್ತು ಉಂಟು? ಅರ್ಧ ಗಂಟೆಯೆ? ಹತ್ತು ನಿಮಿಷವೆ? ಇಲ್ಲವೆ ಎರಡೇ ನಿಮಿಷವೆ?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ವಿಜಯಪುರದ ಆಚೆಗೆ, ಕನ್ನಡ ಮಾತಾಡುವವರೂ ಬಹುವಾಗಿರುವ ಸೋಲಾಪುರದಲ್ಲಿ, 2025ನೆಯ ಮೇ 18ರಂದು ಬೆಳಗಿನ ಜಾವ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದಿತು. ಮಾಲಿಕರ ಮನೆಯವರೂ ಕೆಲವು ಕೆಲಸಗಾರರೂ ಅದೇ ಕಟ್ಟಡದಲ್ಲಿ ವಾಸವಾಗಿದ್ದರು. ಎಂಟು ಮಂದಿ ಹೊರಬರಲಾರದೆ ಪ್ರಾಣ ಬಿಟ್ಟರು. ನಮ್ಮ ಮಗ್ಗದ ಮನೆಗಳಿಗೂ ಆ ಕಟ್ಟಡಕ್ಕೂ ಇರುವ ಹೋಲಿಕೆಯನ್ನು ನೆನೆದರೆ ಮೇಲಿನ ಪ್ರಶ್ನೆಗೆ ಉತ್ತರ ಹುಡುಕುವುದು ನಮ್ಮೆಲ್ಲರ ಕರ್ತವ್ಯವೆನಿಸುತ್ತದೆ.

ಉತ್ತರವನ್ನು ಹುಡುಕುವುದು ಹೇಗೆ? ಮನೆಗೆ ಬೆಂಕಿಯಿಟ್ಟು, ಜನರನ್ನು ಒಳಗೆ ನಿಲ್ಲಿಸಿ ನೋಡುವಂತಿಲ್ಲ. ಹಿಂದಿನವರು ಅವಘಡವಾದ ಮೇಲೆ ಬೂದಿಯನ್ನು ಕೆದಕಿ ಕಲಿಯುತ್ತಿದ್ದರು. ಇಂದು ಇನ್ನೊಂದು ದಾರಿಯಿದೆ. ಕಟ್ಟಡವನ್ನು ಅಂಕಿಗಳಲ್ಲಿ ಕಟ್ಟಿ ಗಣಕಯಂತ್ರದೊಳಗೆ ಇರಿಸಿ, ಅಲ್ಲಿಯೇ ಅದಕ್ಕೆ ಬೆಂಕಿಯಿಟ್ಟು, ಹೊಗೆ ಹರಡುವುದನ್ನೂ ಜನ ಓಡುವುದನ್ನೂ ಲೆಕ್ಕ ಹಾಕಿ ನೋಡಬಹುದು. ಅಲ್ಲಿ ಯಾರೂ ಸಾಯುವುದಿಲ್ಲ. ಒಂದು ಬಾಗಿಲನ್ನು ಅಗಲ ಮಾಡಿ ಮತ್ತೆ ಬೆಂಕಿಯಿಟ್ಟು ನೋಡಿದರೂ ಖರ್ಚು ಹೆಚ್ಚಿಲ್ಲ. ಈ ವಿದ್ಯೆಯ ತಿರುಳು ಹೈಸ್ಕೂಲಿನ ಭೌತಶಾಸ್ತ್ರಕ್ಕೆ ತೀರ ದೂರವಾದುದಲ್ಲ.

ಕೊಲ್ಲುವುದು ಯಾವುದು?

ಬೆಂಕಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಜ್ವಾಲೆ. ಆದರೆ ಕಟ್ಟಡಗಳ ಬೆಂಕಿಯಲ್ಲಿ ಬಹುಮಂದಿಯನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. 2010ನೆಯ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಕಾರ್ಲ್ಟನ್ ಟವರ್ಸ್ ಎಂಬ ಬಹು ಅಂತಸ್ತಿನ ಕಟ್ಟಡದಲ್ಲಿ ಬೆಂಕಿ ಹೊತ್ತಿತು. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಯಂಥ ಓಣಿಯ ಮೂಲಕ ದಟ್ಟ ಹೊಗೆ ಮೇಲಿನ ಅಂತಸ್ತುಗಳಿಗೆ ಏರಿತು. ಒಂಬತ್ತು ಮಂದಿ ಸತ್ತರು. ಕೆಲವರು ಉಸಿರುಗಟ್ಟಿ ಸತ್ತರೆ ಕೆಲವರು ಹೊಗೆ ತಾಳಲಾರದೆ ಮೇಲಿನಿಂದ ಹಾರಿ ಸತ್ತರು. ಜ್ವಾಲೆ ಅವರನ್ನು ಮುಟ್ಟುವ ಮುನ್ನವೇ ಹೊಗೆ ಮುಟ್ಟಿತ್ತು.

ಹೊಗೆ ಏಕೆ ಅಷ್ಟು ಬೇಗ ಮೇಲೇರುತ್ತದೆ? ಚಾರ್ಲ್ಸನ ನಿಯಮವನ್ನು ನೆನಪಿಗೆ ತಂದುಕೊಳ್ಳಿ. ಒತ್ತಡ ಬದಲಾಗದಿದ್ದರೆ ಅನಿಲದ ಗಾತ್ರವು ನಿರಪೇಕ್ಷ ಉಷ್ಣತೆಗೆ ಅನುಪಾತವಾಗಿ ಹಿಗ್ಗುತ್ತದೆ. ಕೋಣೆಯ ಗಾಳಿ 30 ಡಿಗ್ರಿ ಸೆಲ್ಸಿಯಸ್, ಹೊಗೆ 300 ಡಿಗ್ರಿ ಎಂದಿಟ್ಟುಕೊಂಡರೆ, ಹೊಗೆಯ ಸಾಂದ್ರತೆ ಗಾಳಿಯ ಸಾಂದ್ರತೆಯ ಅರ್ಧದಷ್ಟಕ್ಕೆ ಇಳಿದಿರುತ್ತದೆ. ನೀರಿನೊಳಗೆ ಮುಳುಗಿಸಿ ಕೈಬಿಟ್ಟ ಬೆಂಡು ಮೇಲಕ್ಕೆ ಚಿಮ್ಮುವಂತೆ ಈ ಹಗುರಾದ ಅನಿಲ ಮೇಲಕ್ಕೆ ಚಿಮ್ಮುತ್ತದೆ. ನಮ್ಮ ಸೀಮೆಯ ಬೆಲ್ಲದ ಗಾಣಗಳಲ್ಲಿ ಒಲೆಯ ಹೊಗೆಯನ್ನು ಎಳೆದೊಯ್ಯುವ ಎತ್ತರದ ಹೊಗೆಕೊಳವೆಯನ್ನು ಎಲ್ಲರೂ ಕಂಡಿದ್ದೀರಿ. ಬಾಗಿಲು ತೆರೆದ ಮೆಟ್ಟಿಲಮನೆಯೂ, ಲಿಫ್ಟಿನ ಬಾವಿಯೂ, ತಂತಿಗಳ ಓಣಿಯೂ ಬೆಂಕಿಯ ಸಮಯದಲ್ಲಿ ಅಂಥ ಹೊಗೆಕೊಳವೆಗಳೇ ಆಗಿಬಿಡುತ್ತವೆ.

ಹೊಗೆಯ ಕೇಡು ಎರಡು ಬಗೆ. ಮೊದಲನೆಯದಾಗಿ ಅದು ಕಣ್ಣನ್ನು ಕಟ್ಟುತ್ತದೆ. ನಾಲ್ಕು ಹೆಜ್ಜೆ ಮುಂದೇನಿದೆಯೆಂದು ಕಾಣದಿದ್ದರೆ ಮನುಷ್ಯ ನಡೆಯಲಾರ. ತಡವರಿಸುತ್ತಾನೆ, ತಿರುಗಿ ಬರುತ್ತಾನೆ. ಎರಡನೆಯದಾಗಿ ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ನೆತ್ತರಿನ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇದಕ್ಕೆ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮಲಗಿದವನಿಗೆ ಹೊಗೆಯ ವಾಸನೆಯಿಂದ ಎಚ್ಚರವಾದೀತೆಂದು ನಂಬುವಂತಿಲ್ಲ. ನಿದ್ದೆ ಇನ್ನಷ್ಟು ಆಳವಾಗಿ, ಹಾಗೆಯೇ ಮುಗಿದುಹೋಗುವುದುಂಟು.

ಎರಡು ಗಡಿಯಾರಗಳು

ಬೆಂಕಿಯ ಶಾಸ್ತ್ರಜ್ಞರು ಇಡೀ ಸಮಸ್ಯೆಯನ್ನು ಎರಡು ಗಡಿಯಾರಗಳ ಪಂದ್ಯವೆಂದು ಕಾಣುತ್ತಾರೆ. ಒಂದು ಹೊಗೆಯ ಗಡಿಯಾರ: ಬೆಂಕಿ ಹೊತ್ತಿದ ಕ್ಷಣದಿಂದ, ಒಳಗಿನ ಗಾಳಿ ಮನುಷ್ಯನಿಗೆ ಸಲ್ಲದಂತಾಗುವವರೆಗೆ ಎಷ್ಟು ಸೆಕೆಂಡು? ಇದು ನಮಗೆ ದೊರೆಯುವ ಕಾಲ. ಇನ್ನೊಂದು ಮನುಷ್ಯನ ಗಡಿಯಾರ: ಅದೇ ಕ್ಷಣದಿಂದ, ಕೊನೆಯ ಮನುಷ್ಯ ಹೊಸ್ತಿಲು ದಾಟುವವರೆಗೆ ಎಷ್ಟು ಸೆಕೆಂಡು? ಇದು ನಮಗೆ ಬೇಕಾಗುವ ಕಾಲ. ದೊರೆಯುವ ಕಾಲ ಬೇಕಾಗುವ ಕಾಲಕ್ಕಿಂತ ಸಾಕಷ್ಟು ಹೆಚ್ಚಾಗಿದ್ದರೆ ಕಟ್ಟಡ ಕ್ಷೇಮ. ಕಡಮೆಯಾದರೆ, ಆ ವ್ಯತ್ಯಾಸದಷ್ಟು ಹೊತ್ತಿನಲ್ಲಿ ಹೊರಬರಬೇಕಾಗಿದ್ದವರು ಒಳಗೇ ಉಳಿದರೆಂದು ಅರ್ಥ.

ಹೊಗೆಯ ಗಡಿಯಾರವನ್ನು ಮೊದಲು ನೋಡೋಣ. ಮುಧೋಳದ ಕಬ್ಬಿನ ಹೊಲಗಳಲ್ಲಿ ಕಟಾವಾದ ಬಳಿಕ ರವದಿಗೆ ಬೆಂಕಿ ಹಚ್ಚುವುದನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬೆಂಕಿ ಒಂದು ಬಿಂದುವಿನಿಂದ ಸುತ್ತಲೂ ಹರಡುತ್ತದೆ. ಅದರ ಅಂಚು ಒಂದೇ ವೇಗದಿಂದ ಸರಿದರೂ, ಉರಿಯುವ ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆ. ಆದುದರಿಂದ ಶಾಖ ಹೊಮ್ಮುವ ದರವು ಕಾಲದ ವರ್ಗಕ್ಕೆ ಅನುಪಾತ. ಬೇಗ ಬೆಳೆಯುವ ಬೆಂಕಿಯೆಂದು ಎಂಜಿನಿಯರುಗಳು ಕರೆಯುವ ಬೆಂಕಿ 150 ಸೆಕೆಂಡುಗಳಲ್ಲಿ ಸುಮಾರು 1,055 ಕಿಲೋವಾಟ್ ಮುಟ್ಟುತ್ತದೆ. ಅದೇ ಲೆಕ್ಕದಂತೆ 30 ಸೆಕೆಂಡಿಗೆ ಅದು 42 ಕಿಲೋವಾಟ್. 60 ಸೆಕೆಂಡಿಗೆ 169. 120 ಸೆಕೆಂಡಿಗೆ 675. ಕಾಲ ಇಮ್ಮಡಿಯಾದರೆ ಬೆಂಕಿ ನಾಲ್ಮಡಿ. ಮೊದಲ ಅರ್ಧ ನಿಮಿಷ ಅದನ್ನು ನೋಡುತ್ತ ನಿಂತವನಿಗೆ 'ಇದೇನು, ಚಿಕ್ಕ ಬೆಂಕಿ' ಎನಿಸುವುದು ಸಹಜ. ಮೋಸ ಇರುವುದೂ ಅಲ್ಲಿಯೇ.

ಬೆಂಕಿಯಿಂದ ಎದ್ದ ಬಿಸಿ ಅನಿಲದ ಕಂಬ ಮೇಲೇರುವಾಗ ಅಕ್ಕಪಕ್ಕದ ಗಾಳಿಯನ್ನೂ ತನ್ನೊಳಗೆ ಎಳೆದುಕೊಂಡು ಹಿಗ್ಗುತ್ತದೆ. ಏರುವ ಎತ್ತರ ಇಮ್ಮಡಿಯಾದರೆ ಹೊಗೆಯ ಮೊತ್ತ ಮೂರು ಪಟ್ಟಿಗೂ ಮೀರುತ್ತದೆ. ಈ ಕಂಬ ಮಾಳಿಗೆಗೆ ತಾಗಿ ನಾಲ್ಕೂ ಕಡೆಗೆ ಹರಡಿ, ಗೋಡೆಗಳನ್ನು ಮುಟ್ಟಿ, ಅನಂತರ ಕೆಳಕ್ಕೆ ಇಳಿಯತೊಡಗುತ್ತದೆ. ಬಕೇಟನ್ನು ತಲೆಕೆಳಗು ಮಾಡಿ ಅದರೊಳಗೆ ನೀರು ತುಂಬುತ್ತಿರುವಂತೆ ಕಲ್ಪಿಸಿಕೊಳ್ಳಿ: ಹೊಗೆ ಮೇಲಿನಿಂದ ಕೆಳಕ್ಕೆ ತುಂಬುತ್ತ ಬರುತ್ತದೆ.

ಪ್ರಯೋಗಗಳಿಂದ ಪಡೆದ ಒಂದು ಸರಳ ಸೂತ್ರವನ್ನು ನಾವು ಒಂದು ಕಲ್ಪಿತ ಮಗ್ಗದ ಮನೆಗೆ ಅನ್ವಯಿಸಿ ನೋಡಿದೆವು. 12 ಮೀಟರು ಉದ್ದ, 8 ಮೀಟರು ಅಗಲ, 4 ಮೀಟರು ಎತ್ತರದ ಒಂದೇ ಕೋಣೆ, ಕಿಟಕಿಗಳು ಮುಚ್ಚಿವೆ, ಬೆಂಕಿ ಮೇಲೆ ಹೇಳಿದಂತೆ ಬೇಗ ಬೆಳೆಯುವಂಥದು. ಹೊಗೆಯ ಪದರ ನೆಲದಿಂದ 2 ಮೀಟರಿಗೆ, ಎಂದರೆ ನಿಂತವನ ತಲೆಯ ಮೇಲಕ್ಕೆ, ಇಳಿಯಲು ಬೇಕಾಗುವುದು ಸುಮಾರು 100 ಸೆಕೆಂಡು. ಇನ್ನೊಂದು ನಿಮಿಷ ಕಳೆದರೆ, ಸುಮಾರು 160ನೆಯ ಸೆಕೆಂಡಿಗೆ, ಅದು ನೆಲದಿಂದ ಒಂದೇ ಮೀಟರಿನ ಎತ್ತರದಲ್ಲಿರುತ್ತದೆ. ಬಗ್ಗಿ ಇಲ್ಲವೆ ತೆವಳಿ ಹೋಗಿರೆಂದು ಅಗ್ನಿಶಾಮಕ ದಳದವರು ಹೇಳುವ ಬುದ್ಧಿಮಾತಿನ ಬೆಲೆ ಇಲ್ಲಿ ಅಂಕಿಯಲ್ಲಿಯೇ ಕಾಣುತ್ತದೆ: ಅದು ಒಂದು ನಿಮಿಷದ ಆಯುಸ್ಸು. ಅಟ್ಟದ ಮೇಲೆ ಮಲಗಿದವರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಹೊಗೆ ಹೋಗಿ ನಿಲ್ಲುವುದೇ ಅಲ್ಲಿ.

ಅಂಕಿಗಳಿಂದ ಕಟ್ಟಿದ ಮನೆ

ಒಂದೇ ಕೋಣೆಯಾದರೆ ಇಂಥ ಸೂತ್ರ ಸಾಕು. ಆದರೆ ನಿಜವಾದ ಕಟ್ಟಡದಲ್ಲಿ ಹತ್ತಾರು ಕೋಣೆಗಳು, ಮೆಟ್ಟಿಲುಗಳು, ತೊಲೆಗಳು, ಅರ್ಧ ತೆರೆದ ಬಾಗಿಲುಗಳಿರುತ್ತವೆ. ಹೊಗೆ ಇವೆಲ್ಲದರ ನಡುವೆ ಸುಳಿಸುಳಿಯಾಗಿ ಹರಿಯುತ್ತದೆ. ಅಲ್ಲಿ ಡಿಜಿಟಲ್ ಮಾದರಿಯ ಅವಶ್ಯಕತೆ ಬರುತ್ತದೆ.

ಹಳೆಯ ಕಾಲದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಇಂದಿನ ಡಿಜಿಟಲ್ ಮಾದರಿಯಲ್ಲಿ ಗೋಡೆಯೆಂದರೆ ಗೋಡೆಯೇ. ಅದರ ದಪ್ಪ, ಎತ್ತರ, ಅದು ಇಟ್ಟಿಗೆಯದೋ ಮರದ ಹಲಗೆಯದೋ ಎಂಬುದು, ಬಾಗಿಲಿನ ಅಗಲ, ಅದು ಒಳಕ್ಕೆ ತೆರೆಯುವುದೋ ಹೊರಕ್ಕೋ ಎಂಬುದು, ಎಲ್ಲವೂ ಬರೆದಿರುತ್ತವೆ. ಇಂಥ ಮಾದರಿಯಿಂದ ಬೆಂಕಿಯ ಲೆಕ್ಕಕ್ಕೆ ಬೇಕಾದ ವಿವರಗಳನ್ನು ಎತ್ತಿಕೊಳ್ಳಬಹುದು.

ಮುಂದಿನ ಹೆಜ್ಜೆ ಕಟ್ಟಡದೊಳಗಿನ ಗಾಳಿಯನ್ನು ಚಿಕ್ಕ ಚಿಕ್ಕ ಘನಗಳಾಗಿ ಹೋಳು ಮಾಡುವುದು. ಪ್ರತಿಯೊಂದು ಘನದಲ್ಲಿಯೂ ಉಷ್ಣತೆ ಎಷ್ಟು, ಗಾಳಿ ಯಾವ ಕಡೆಗೆ ಎಷ್ಟು ವೇಗದಿಂದ ಹರಿಯುತ್ತಿದೆ, ಮಸಿ ಎಷ್ಟು, ಆಮ್ಲಜನಕ ಎಷ್ಟು ಎಂಬ ಅಂಕಿಗಳಿರುತ್ತವೆ. ದ್ರವ್ಯ ನಾಶವಾಗದು, ಶಕ್ತಿ ನಾಶವಾಗದು, ಬಲವಿಲ್ಲದೆ ಚಲನೆ ಬದಲಾಗದು ಎಂಬ ಮೂರು ಹಳೆಯ ತತ್ತ್ವಗಳನ್ನು ಪ್ರತಿ ಘನಕ್ಕೂ ಅನ್ವಯಿಸಿ, ಒಂದು ಸೆಕೆಂಡಿನ ಚಿಕ್ಕ ಅಂಶ ಕಳೆದ ಮೇಲೆ ಆ ಅಂಕಿಗಳು ಏನಾಗುವುವೆಂದು ಗಣಕಯಂತ್ರ ಲೆಕ್ಕ ಹಾಕುತ್ತದೆ. ಮತ್ತೆ ಅದೇ ಲೆಕ್ಕ, ಮತ್ತೆ ಅದೇ. ಇದಕ್ಕೆ ಬಳಸುವ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನೇವಿಯರ್ ಮತ್ತು ಬ್ರಿಟನ್ನಿನ ಸ್ಟೋಕ್ಸ್ ಎಂಬವರು ಕೊಟ್ಟವು. ಸಮೀಕರಣಗಳು ಹಳೆಯವು, ಅವನ್ನು ಬಿಡಿಸುವ ತಾಳ್ಮೆಯುಳ್ಳ ಯಂತ್ರ ಮಾತ್ರ ಹೊಸದು.

ಲೆಕ್ಕದ ಭಾರ ಎಷ್ಟೆಂಬುದನ್ನು ನೋಡಿ. 30 ಮೀಟರು ಉದ್ದ, 20 ಮೀಟರು ಅಗಲ, 6 ಮೀಟರು ಎತ್ತರದ ಒಂದು ಸಭಾಭವನದ ಗಾತ್ರ 3,600 ಘನ ಮೀಟರು. ಘನದ ಬದಿ 20 ಸೆಂಟಿಮೀಟರಾದರೆ ನಾಲ್ಕೂವರೆ ಲಕ್ಷ ಘನಗಳು ಬೇಕು. ಬದಿಯನ್ನು 10 ಸೆಂಟಿಮೀಟರಿಗೆ ಇಳಿಸಿದರೆ ಘನಗಳು ಎಂಟು ಪಟ್ಟು, ಎಂದರೆ 36 ಲಕ್ಷ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಒಟ್ಟು ಕೆಲಸ ಸುಮಾರು ಹದಿನಾರು ಪಟ್ಟು. ಈ ಬಗೆಯ ಲೆಕ್ಕಕ್ಕೆಂದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2000ನೆಯ ಇಸವಿಯಲ್ಲಿ 'ಫೈರ್ ಡೈನಾಮಿಕ್ಸ್ ಸಿಮ್ಯುಲೇಟರ್' ಎಂಬ ತಂತ್ರಾಂಶವನ್ನು ಹೊರತಂದಿತು. ಅದನ್ನು ಯಾರು ಬೇಕಾದರೂ ಬೆಲೆ ಕೊಡದೆ ಪಡೆಯಬಹುದು. ಜಮಖಂಡಿಯ ಕಾಲೇಜೊಂದರ ವಿದ್ಯಾರ್ಥಿಯೂ ಸಾಧಾರಣ ಗಣಕಯಂತ್ರದಲ್ಲಿ ಒಂದು ಕೋಣೆಯ ಬೆಂಕಿಯನ್ನು ಅದರಿಂದ ಲೆಕ್ಕ ಹಾಕಿ ನೋಡಬಹುದೆಂಬುದು ಸಣ್ಣ ಮಾತಲ್ಲ.

ಯಂತ್ರ ಹೇಳಿದ್ದನ್ನು ನಂಬದ ಪಂಡಿತರು

ಅಂಕಿಗಳ ಬೆಂಕಿ ನಿಜದ ಬೆಂಕಿಯಂತೆಯೇ ನಡೆದುಕೊಳ್ಳುವುದೆಂದು ನಂಬುವುದು ಹೇಗೆ? ಇದಕ್ಕೆ ಲಂಡನ್ನಿನ ಒಂದು ದುರಂತ ಉತ್ತರ ಕೊಟ್ಟಿತು. 1987ನೆಯ ನವೆಂಬರ್ 18ರ ಸಂಜೆ ಅಲ್ಲಿಯ ಕಿಂಗ್ಸ್ ಕ್ರಾಸ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ, ಮರದ ಚಲಿಸುವ ಮೆಟ್ಟಿಲೊಂದರ ಕೆಳಗೆ ಸಣ್ಣ ಬೆಂಕಿ ಹೊತ್ತಿತು. ಕಂಡವರಿಗೆ ಅದು ದೊಡ್ಡದೆನಿಸಲಿಲ್ಲ. ಕಾಲು ಗಂಟೆ ಕಳೆಯುವಷ್ಟರಲ್ಲಿ ಅದು ಒಮ್ಮೆಲೆ ಮೇಲಿನ ಟಿಕೆಟ್ ಸಭಾಂಗಣದೊಳಕ್ಕೆ ಭುಗಿಲೆಂದು ನುಗ್ಗಿತು. 31 ಮಂದಿ ಸತ್ತರು.

ಇಷ್ಟು ಬೇಗ ಅದು ಹೇಗೆ ನುಗ್ಗಿತು? ಹಾರ್ವೆಲ್ಲಿನ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಮೆಟ್ಟಿಲನ್ನು ಗಣಕಯಂತ್ರದಲ್ಲಿ ಕಟ್ಟಿ ಲೆಕ್ಕ ಹಾಕಿದರು. ಫಲಿತಾಂಶ ವಿಚಿತ್ರವಾಗಿತ್ತು. ಜ್ವಾಲೆ ನೆಟ್ಟಗೆ ಮೇಲೇಳುವ ಬದಲು, 30 ಡಿಗ್ರಿ ಓರೆಯಾದ ಮೆಟ್ಟಿಲ ಕಾಲುವೆಯಲ್ಲಿ ಮಲಗಿಕೊಂಡು ಮೆಟ್ಟಿಲಿಗೆ ಅಂಟಿಯೇ ಮೇಲಕ್ಕೆ ಹರಿಯಿತು! ಬೆಂಕಿ ಮಲಗುವುದುಂಟೆ? ಪರಿಣತರಲ್ಲಿಯೇ ಹಲವರು ಸಂದೇಹಪಟ್ಟರು. ಆಗ ಬಕ್ಸ್ಟನ್ ಎಂಬಲ್ಲಿ ಮೂರನೆಯ ಒಂದಂಶದ ಅಳತೆಯ ಮರದ ಮೆಟ್ಟಿಲನ್ನು ಕಟ್ಟಿ ನಿಜವಾಗಿಯೇ ಬೆಂಕಿಯಿಟ್ಟರು. ಜ್ವಾಲೆ ಯಂತ್ರ ಹೇಳಿದಂತೆಯೇ ಮಲಗಿತು, ಮೆಟ್ಟಿಲನ್ನು ಮೇಲ್ಮೇಲಕ್ಕೆ ಕಾಯಿಸಿತು, ಒಮ್ಮೆಲೆ ಚಿಮ್ಮಿತು. ಯಾರ ಅನುಭವಕ್ಕೂ ನಿಲುಕದಿದ್ದ ಒಂದು ಭೌತಿಕ ಸಂಗತಿಯನ್ನು ಲೆಕ್ಕ ಮೊದಲು ಕಂಡಿತು, ಪ್ರಯೋಗ ಅನಂತರ ಒಪ್ಪಿತು. ಅಂಕಿಗಳ ಬೆಂಕಿಗೆ ಗೌರವ ಬಂದುದು ಹೀಗೆ.

ಮನುಷ್ಯನ ಗಡಿಯಾರ

ಹೊಗೆಗೆ ಸಮೀಕರಣವುಂಟು, ಮನುಷ್ಯನಿಗೆ ಉಂಟೆ? ಒಬ್ಬೊಬ್ಬನ ಮನಸ್ಸನ್ನು ಲೆಕ್ಕ ಹಾಕಲಾರೆವು. ಆದರೆ ನೂರಾರು ಜನ ಕೂಡಿ ನಡೆಯುವಾಗ ಕೆಲವು ನಿಯಮಗಳು ಎದ್ದು ಕಾಣುತ್ತವೆ. ವಿರಳವಾಗಿದ್ದಾಗ ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರು ನಡೆಯುತ್ತಾನೆ. ಚದರ ಮೀಟರಿಗೆ ಇಬ್ಬರಾದರೆ ಆ ವೇಗ ಸುಮಾರು 0.65 ಮೀಟರಿಗೆ ಇಳಿಯುತ್ತದೆ. ನಾಲ್ವರಿಗೆ ಸಮೀಪಿಸಿದರೆ ನಡಿಗೆ ನಿಂತೇಹೋಗುತ್ತದೆ. ಬಾಗಿಲಿನಲ್ಲಿ ಉಪಯೋಗಕ್ಕೆ ಬರುವ ಪ್ರತಿ ಒಂದು ಮೀಟರು ಅಗಲಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 1.3 ಮಂದಿ ದಾಟಬಲ್ಲರೆಂದು ಎಂಜಿನಿಯರುಗಳು ಎಣಿಸುತ್ತಾರೆ.

ಇನ್ನೂ ಸೂಕ್ಷ್ಮವಾದ ಮಾದರಿಗಳಲ್ಲಿ ಪ್ರತಿಯೊಬ್ಬ ಮನುಷ್ಯನೂ ಒಂದು ಕಣ. ಗುರಿ ಅವನನ್ನು ಎಳೆಯುತ್ತದೆ. ಗೋಡೆಗಳೂ ಪಕ್ಕದವರೂ ಅವನನ್ನು ದೂಡುತ್ತಾರೆ. 1995ರಲ್ಲಿ ಡರ್ಕ್ ಹೆಲ್ಬಿಂಗ್ ಮತ್ತು ಪೀಟರ್ ಮೊಲ್ನಾರ್ ಎಂಬವರು, ನ್ಯೂಟನ್ನನ ಚಲನ ನಿಯಮವನ್ನೇ ಹೋಲುವ ಇಂಥ 'ಸಾಮಾಜಿಕ ಬಲ'ದ ಮಾದರಿಯನ್ನು ಪ್ರಕಟಿಸಿದರು. 2000ದಲ್ಲಿ ಹೆಲ್ಬಿಂಗ್ ಮತ್ತು ಸಂಗಡಿಗರು ಅದರಿಂದ ಒಂದು ವಿಪರೀತವನ್ನು ತೋರಿಸಿದರು: ಎಲ್ಲರೂ ಹೆಚ್ಚು ಅವಸರಪಟ್ಟಷ್ಟೂ ಬಾಗಿಲಿನಿಂದ ಹೊರಬೀಳುವುದು ನಿಧಾನವಾಗುತ್ತದೆ. ಹಿಟ್ಟಿನ ಗಿರಣಿಯಲ್ಲಿ ಜೋಳ ಸುರಿಯುವ ತಗಡಿನ ಬಾಯಿಯನ್ನು ನೋಡಿ. ಕೆಲವೊಮ್ಮೆ ಕಾಳುಗಳು ಒಂದನ್ನೊಂದು ಒತ್ತಿ ಕಮಾನಿನಂತೆ ಕಟ್ಟಿಕೊಂಡು ನಿಲ್ಲುತ್ತವೆ. ಗಿರಣಿಯವನು ತಟ್ಟಿದರೇ ಮತ್ತೆ ಸುರಿಯುವುದು. ಬಾಗಿಲಿನ ಮುಂದೆ ನುಗ್ಗುವ ಜನರೂ ಅಂಥದೇ ಕಮಾನು ಕಟ್ಟುತ್ತಾರೆ. ಕಾಳು ನೋಯುವುದಿಲ್ಲ, ಜನ ತುಳಿತಕ್ಕೆ ಸಿಕ್ಕಿ ಸಾಯುತ್ತಾರೆ. 1981ನೆಯ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದಾಗ ಸುಟ್ಟವರ ಜೊತೆಗೆ ತುಳಿತಕ್ಕೆ ಸಿಕ್ಕಿದವರೂ ಇದ್ದರು. ಅಂದು 92 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು.

ನಡಿಗೆಗಿಂತಲೂ ಮುಖ್ಯವಾದುದು ನಡಿಗೆಗೆ ಮುಂಚಿನ ಕಾಲ. ಗಂಟೆ ಬಾರಿಸಿದೊಡನೆ ಜನ ಏಳುವುದಿಲ್ಲ. 'ಏನದು?' ಎಂದು ಪಕ್ಕದವನನ್ನು ಕೇಳುತ್ತಾರೆ, ಚೀಲ ಹುಡುಕುತ್ತಾರೆ, ಮಗುವನ್ನು ಕರೆಯುತ್ತಾರೆ. ಎದ್ದ ಮೇಲೂ, ಹತ್ತಿರದ ಬಾಗಿಲನ್ನು ಬಿಟ್ಟು, ತಾವು ಒಳಗೆ ಬಂದ ಬಾಗಿಲಿಗೇ ಓಡುತ್ತಾರೆ. 2003ನೆಯ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಒಂದು ಸಂಗೀತಶಾಲೆಯಲ್ಲಿ ಹೀಗೆಯೇ ಆಯಿತು. ಸಿಡಿಮದ್ದಿನ ಕಿಡಿ ಗೋಡೆಯ ಫೋಮಿಗೆ ತಗುಲಿತು. ಬಹುಮಂದಿ ಮುಂಬಾಗಿಲಿಗೇ ನುಗ್ಗಿದರು. 100 ಮಂದಿ ಸತ್ತರು. ಮುಂದೆ ಹೇಳಿದ ರಾಷ್ಟ್ರೀಯ ಸಂಸ್ಥೆಯೇ ಆ ಕಟ್ಟಡವನ್ನು ಗಣಕಯಂತ್ರದಲ್ಲಿ ಮರಳಿ ಕಟ್ಟಿ ನೋಡಿತು. ಸುಮಾರು 90 ಸೆಕೆಂಡುಗಳಲ್ಲಿ ಒಳಗೆ ಬದುಕುವ ಸ್ಥಿತಿ ತಪ್ಪಿಹೋಗಿತ್ತೆಂದೂ, ಮಾಳಿಗೆಯಿಂದ ತಾನಾಗಿ ನೀರು ಚಿಮುಕಿಸುವ ಏರ್ಪಾಡು ಇದ್ದಿದ್ದರೆ ಆ ಸ್ಥಿತಿ ಬರುತ್ತಿರಲಿಲ್ಲವೆಂದೂ ತಿಳಿದುಬಂತು.

ಒಂದು ಬೀಗದ ಬೆಲೆ

ಈಗ ಎರಡು ಗಡಿಯಾರಗಳನ್ನೂ ಒಟ್ಟಿಗೆ ಓಡಿಸಿ ನೋಡೋಣ. ನಮ್ಮ ಊರುಗಳಲ್ಲಿ ಎಲ್ಲೆಡೆಯೂ ಇರುವಂಥ ಒಂದು ಮಂಗಲ ಕಾರ್ಯಾಲಯವನ್ನು ಕಲ್ಪಿಸಿಕೊಳ್ಳಿ. ಅಳತೆ ಮೇಲೆ ಹೇಳಿದ ಸಭಾಭವನದ್ದೇ: 30, 20 ಮತ್ತು 6 ಮೀಟರು. ಒಳಗೆ 600 ಮಂದಿ. ಒಂದೂವರೆ ಮೀಟರು ಅಗಲದ ಎರಡು ಬಾಗಿಲುಗಳು. ವೇದಿಕೆಯ ಬಟ್ಟೆಯ ಅಲಂಕಾರಕ್ಕೆ ಬೆಂಕಿ ಹತ್ತಿತೆಂದು ಭಾವಿಸೋಣ.

ಹೊಗೆಯ ಗಡಿಯಾರ: ಹಿಂದಿನ ಸೂತ್ರದಂತೆಯೇ, ಹೊಗೆ 2 ಮೀಟರಿಗೆ ಇಳಿಯಲು ಸುಮಾರು 335 ಸೆಕೆಂಡು.

ಮನುಷ್ಯನ ಗಡಿಯಾರ: ಜನ ಬಾಗಿಲಿನ ಚೌಕಟ್ಟಿಗೆ ಉಜ್ಜಿಕೊಂಡು ಹೋಗುವುದಿಲ್ಲ, ಎರಡೂ ಬದಿಗೆ 15 ಸೆಂಟಿಮೀಟರು ಬಿಟ್ಟರೆ ಉಪಯೋಗದ ಅಗಲ 1.2 ಮೀಟರು. ಅದಕ್ಕೆ ಸೆಕೆಂಡಿಗೆ 1.56 ಮಂದಿ, ಎರಡೂ ಬಾಗಿಲಿಗೆ 3.12 ಮಂದಿ. 600 ಮಂದಿಗೆ ಸುಮಾರು 192 ಸೆಕೆಂಡು ಬೇಕು. ನಂಬಿ ಏಳುವುದಕ್ಕೆ ಒಂದು ನಿಮಿಷ ಸೇರಿಸಿದರೆ 252 ಸೆಕೆಂಡು. ಹೊಗೆಗಿಂತ 83 ಸೆಕೆಂಡು ಮುಂಚಿತವಾಗಿ ಎಲ್ಲರೂ ಹೊರಗೆ! ಬಿಗುವಿನ ಪಂದ್ಯವೇ, ಆದರೂ ಗೆದ್ದಂತಾಯಿತು.

ಇನ್ನು ಒಂದೇ ಒಂದು ಬದಲಾವಣೆ ಮಾಡೋಣ. ಚಪ್ಪಲಿ ಕಳುವಾಗದಿರಲೆಂದೋ, ಕರೆಯದವರು ಊಟಕ್ಕೆ ಬಾರದಿರಲೆಂದೋ ಹಿಂಬಾಗಿಲಿಗೆ ಬೀಗ ಹಾಕಿದ್ದಾರೆ. ಈಗ ಬೇಕಾಗುವ ಕಾಲ 445 ಸೆಕೆಂಡು. ದೊರೆಯುವ ಕಾಲ ಮಾತ್ರ ಅದೇ 335. ಹೊಗೆ ತಲೆಯ ಮಟ್ಟಕ್ಕೆ ಇಳಿದಾಗ ಸುಮಾರು 430 ಮಂದಿ ಹೊರಗಿರುತ್ತಾರೆ. 170 ಮಂದಿ ಒಳಗೆ. ಗೋಡೆ ಬದಲಾಗಲಿಲ್ಲ, ಬೆಂಕಿ ಬದಲಾಗಲಿಲ್ಲ. ಒಂದು ಬೀಗದ ಬೆಲೆ 170 ಮಂದಿ.

ಕಾರ್ಲ್ಟನ್ ಟವರ್ಸ್‌ನಲ್ಲಿಯೂ ಮೆಟ್ಟಿಲಿಗೆ ಹೋಗುವ ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂದು ಆಗ ವರದಿಯಾಯಿತು. ಈ ವಿದ್ಯೆಯ ಮಿತಿ ಕಾಣುವುದು ಇಲ್ಲಿಯೇ. ಗಣಕಯಂತ್ರದೊಳಗಿನ ಕಟ್ಟಡಕ್ಕೆ ತಿಳಿದಿರುವುದು ನಾವು ಹೇಳಿದಷ್ಟೇ. ನಕ್ಷೆಯಲ್ಲಿ ಬಾಗಿಲು ಇದ್ದರೆ ಅದು ತೆರೆಯುತ್ತದೆಂದೇ ಅದು ನಂಬುತ್ತದೆ. ಬಾಗಿಲಿನ ಮುಂದೆ ಮುರಿದ ಕುರ್ಚಿಗಳನ್ನು ಒಟ್ಟಿರುವುದು, ಮೆಟ್ಟಿಲ ಕೆಳಗೆ ಗ್ಯಾಸಿನ ಸಿಲಿಂಡರು ಇಟ್ಟಿರುವುದು ನಕ್ಷೆಯಲ್ಲಿ ಬರುವುದಿಲ್ಲ. ಲೆಕ್ಕದಲ್ಲಿಯೂ ಜಾರುವ ಜಾಗಗಳುಂಟು. ಗಾಳಿಯನ್ನು 20 ಸೆಂಟಿಮೀಟರಿನ ಘನಗಳಾಗಿ ಹೋಳು ಮಾಡಿದರೆ ಒಂದೂವರೆ ಮೀಟರಿನ ಬಾಗಿಲು 1.4 ಇಲ್ಲವೆ 1.6 ಮೀಟರು ಆಗಿಬಿಡುತ್ತದೆ. ಓರೆ ಗೋಡೆ ಮೆಟ್ಟಿಲುಮೆಟ್ಟಿಲಾಗುತ್ತದೆ. ಬೆಂಕಿ ಎಷ್ಟು ಬೇಗ ಬೆಳೆಯುವುದೆಂಬುದನ್ನೂ ಬಹುಮಟ್ಟಿಗೆ ನಾವೇ ಮುಂದಾಗಿ ಹೇಳಬೇಕಾಗುತ್ತದೆ. ಆದುದರಿಂದ ಬಲ್ಲವರು ಒಂದೇ ಬೆಂಕಿಯನ್ನು ನಂಬುವುದಿಲ್ಲ. ಬೆಂಕಿಯ ಜಾಗವನ್ನು ಬದಲಿಸಿ, ಬೆಳವಣಿಗೆಯ ದರವನ್ನು ಹೆಚ್ಚಿಸಿ, ಒಂದೊಂದೇ ಬಾಗಿಲನ್ನು ಮುಚ್ಚಿ ಹತ್ತಾರು ಸಲ ಲೆಕ್ಕ ಹಾಕುತ್ತಾರೆ. ಯಾವ ಬಾಗಿಲು ಮುಚ್ಚಿದರೆ ಸೋಲು ಖಂಡಿತವೋ ಆ ಬಾಗಿಲಿಗೆ ಕಾವಲು ಹೆಚ್ಚು ಬೇಕು.

ನಮ್ಮ ಕೈಯಲ್ಲಿರುವುದು

ಈ ಲೆಕ್ಕ ಅತ್ಯಂತ ಅಗ್ಗವಾಗಿ ಫಲ ಕೊಡುವುದು ಕಟ್ಟಡ ಇನ್ನೂ ಕಾಗದದ ಮೇಲಿರುವಾಗ. ಕಟ್ಟಿದ ಗೋಡೆಯನ್ನು ಒಡೆದು ಬಾಗಿಲು ಇಡುವುದಕ್ಕೂ, ನಕ್ಷೆಯಲ್ಲಿ ಬಾಗಿಲು ಸೇರಿಸುವುದಕ್ಕೂ ಎಷ್ಟು ಅಂತರ! ಆಲಮಟ್ಟಿಯ ಹಿನ್ನೀರಿನಿಂದಾಗಿ ಬೀಳಗಿ ತಾಲ್ಲೂಕಿನ ಹಲವು ಊರುಗಳು ಎತ್ತರದ ನೆಲಕ್ಕೆ ಸರಿದು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಹೊಸ ಶಾಲೆ, ಹೊಸ ಸಮುದಾಯ ಭವನ, ಹೊಸ ಮಂಗಲ ಕಾರ್ಯಾಲಯ ಏಳುವ ಕಡೆಗಳಲ್ಲೆಲ್ಲ ಎರಡನೆಯ ಬಾಗಿಲನ್ನು ಕೇಳಬೇಕಾದ ಸಮಯ ಅದೇ. ಬೆಂಕಿಯಿಂದ ರಕ್ಷಣೆಯ ವಿಷಯಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವೇ ಮೀಸಲಾಗಿದೆ. ಆದರೆ ಸಂಹಿತೆಯನ್ನು ಓದುವವರೂ ಕೇಳುವವರೂ ಊರಿನಲ್ಲಿರಬೇಕು.

ವಿದ್ಯಾರ್ಥಿಗಳು ಇದನ್ನು ಇಂದೇ ಪ್ರಾರಂಭಿಸಬಹುದು. ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ ಸಾಕು. ನಿಮ್ಮ ಶಾಲೆಯ ಸಭಾಂಗಣದ ಬಾಗಿಲುಗಳ ಅಗಲವನ್ನು ಅಳೆಯಿರಿ, ಎರಡೂ ಬದಿಗೆ 15 ಸೆಂಟಿಮೀಟರು ಕಳೆಯಿರಿ, 1.3ರಿಂದ ಗುಣಿಸಿರಿ, ಕೂರುವ ಜನರ ಸಂಖ್ಯೆಯನ್ನು ಅದರಿಂದ ಭಾಗಿಸಿರಿ, ಒಂದು ನಿಮಿಷ ಸೇರಿಸಿರಿ. ಬಂದ ಉತ್ತರವನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿರಿ. ಅನಂತರ ಆ ಬಾಗಿಲುಗಳಲ್ಲಿ ನಿಜವಾಗಿಯೂ ತೆರೆಯುವಂಥವು ಎಷ್ಟೆಂಬುದನ್ನು ಕೈಯಿಂದ ದೂಡಿ ನೋಡಿರಿ. ಈ ಕೊನೆಯ ಪ್ರಯೋಗವನ್ನು ಯಾವ ಗಣಕಯಂತ್ರವೂ ನಿಮಗಾಗಿ ಮಾಡಿಕೊಡಲಾರದು.

ಮತ್ತೆ ಬನಹಟ್ಟಿಯ ಮಗ್ಗದ ಮನೆಗೆ ಬರೋಣ. ನಮ್ಮ ಲೆಕ್ಕದಂತೆ ಅಲ್ಲಿ ದೊರೆಯುವುದು ಸುಮಾರು 100 ಸೆಕೆಂಡು. ಎಚ್ಚರವಿದ್ದ ಐದಾರು ಮಂದಿಗೆ ಅದು ಸಾಕು, ಮಲಗಿದವರಿಗೆ ಸಾಲದು. ಆದುದರಿಂದ ಹೊಗೆ ಕಂಡೊಡನೆ ಕೂಗುವ ಚಿಕ್ಕ ಎಚ್ಚರಿಕೆಯ ಯಂತ್ರವೊಂದು ಮಾಳಿಗೆಗೆ ಬೇಕು. ತಂತಿಗಳ ಮೇಲಿನ ತುಪ್ಪುಳನ್ನು ಆಗಾಗ ಗುಡಿಸಬೇಕು. ಅಟ್ಟದ ಮೇಲೆ ಮಲಗುವುದನ್ನು ಬಿಡಬೇಕು. ಎಲ್ಲಕ್ಕಿಂತ ಮೊದಲು, ಜಾಗ ಸಾಲದೆಂದು ಹಿಂಬಾಗಿಲಿಗೆ ಒತ್ತಿ ಒಟ್ಟಿರುವ ನೂಲಿನ ಗಂಟುಗಳನ್ನು ಅಲ್ಲಿಂದ ಎತ್ತಿಡಬೇಕು. ಅದಕ್ಕೆ ಬೇಕಾಗುವುದು ಹತ್ತು ನಿಮಿಷ, ಮತ್ತು ಹಗಲು ಬೆಳಕು. ರಾತ್ರಿ ಹೊಗೆಯಲ್ಲಿ ಅದೇ ಕೆಲಸಕ್ಕೆ ನಮಗೆ ದೊರೆಯುವ ಕಾಲ ಎಷ್ಟೆಂಬುದನ್ನು ಮೇಲೆ ಕಂಡೆವು.